ಇನ್ನೂರಾರು ಕೊರಳಪಟ್ಟಿಗಳು

ಕೊರಳಪಟ್ಟಿಯನ್ನು ಮೊದಲು ಕಟ್ಟಿದ್ದು ನನ್ನ ಕೊರಳಿಗೆ.

ಕುರಿಗಳಿಗೆ ನೋವಾಗುವುದಿಲ್ಲವೇ ಎಂದು ನಾನು ಕೇಳಿದ್ದೇ ತಪ್ಪಾಯಿತು. ಗುಡ್ಡ ಕೊಂಡ ಕಂಪನಿಯ ಮ್ಯಾನೇಜರ್ ಪಿಯರ್ಸ್ ನಕ್ಕ. ಲಂಡನ್‌ನಿಂದ ಬಂದವನು. ಮೂವತ್ತು ದಾಟಿರಬೇಕು. ಬೂಟಿಗೆ ಕೆಸರು ತಾಗಿದರೆ ಅಲ್ಲೇ ನಿಂತು ಒರೆಸಿಕೊಳ್ಳುವ ಪೈಕಿ. ನಮ್ಮಲ್ಲಿ ಸರ್ ಗಿರ್ ಏನೂ ಇಲ್ಲ, ಹೆಸರು ಹಿಡಿದೇ ಕರೆಯಿರಿ ಎಂದು ಮೊದಲ ದಿನವೇ ಹೇಳಿದ್ದ. ಹೆಸರು ಹಿಡಿದು ಕರೆದರೂ ಹೇಳಿದ ಕೆಲಸ ಮಾಡಬೇಕಾದವಳು ನಾನೇ.

"ನೀವೇ ಒಂದ್ಸಲ ಹಾಕ್ಕೊಂಡು ನೋಡಿ ಹೆಟ್ಟಿ," ಅಂದ. "ಸ್ವೆಟರ್ ಬಿಚ್ಚುವಾಗ ಚುರ್ ಅನ್ನುತ್ತಲ್ಲ, ಅಷ್ಟೇ."

ಹಾಕಿಕೊಂಡೆ. ಅರವತ್ತೊಂದು ವರ್ಷದ ಹೆಂಗಸು ಕುರಿಯ ಪಟ್ಟಿ ಕಟ್ಟಿಕೊಂಡು ಹುಲ್ಲಿನಲ್ಲಿ ನಿಂತೆ. ಅವನು ಫೋನಿನ ಮೇಲೆ ಬೆರಳಿನಿಂದ ಒಂದು ಗೆರೆ ಎಳೆದ. ನೆಲದ ಮೇಲೆ ಏನೂ ಕಾಣಲಿಲ್ಲ. ನಡೆಯಿರಿ ಅಂದ, ನಡೆದೆ. ಮೊದಲು ಕಿವಿಯ ಪಕ್ಕ ಕೀ ಕೀ ಅಂದಿತು. ನಿಲ್ಲಬೇಡಿ ಅಂದ, ನಿಲ್ಲಲಿಲ್ಲ. ಆಮೇಲೆ ಕತ್ತಿನಲ್ಲಿ ಕರೆಂಟು ಹೊಡೆದ ಹಾಗೆ ಏನೋ ಸಿಡಿಯಿತು. ನಾಲಿಗೆ ಕಚ್ಚಿಕೊಂಡು ಮಂಡಿಯೂರಿ ಬಿದ್ದೆ. ಬಾಯಿಯಲ್ಲಿ ರಕ್ತದ ರುಚಿ. ತಲೆ ಎತ್ತಿದರೆ ಅವನು ಇನ್ನೊಂದು ಫೋನಿನಲ್ಲಿ ವಿಡಿಯೋ ಮಾಡುತ್ತಿದ್ದ.

ಆ ವಿಡಿಯೋ ಕಂಪನಿಯ ಪುಟದಲ್ಲಿ ಬಂತು. 'ನಮ್ಮ ಕುರಿಗಾಹಿ ಸ್ವತಃ ಪರೀಕ್ಷಿಸಿ ಒಪ್ಪಿಕೊಂಡರು' ಎಂದು ಕೆಳಗೆ ಬರೆದಿದ್ದರು. ನಾನು ಬೀಳುವ ಜಾಗವನ್ನು ಕತ್ತರಿಸಿರಲಿಲ್ಲ. ಜನ ನಗುವ ಮುಖಗಳನ್ನು ಒತ್ತಿದ್ದರು. ಊರಿನ ಅಂಚೆ ಕಚೇರಿಯಲ್ಲಿ ಅದನ್ನು ನನಗೇ ತೋರಿಸಿದರು.

ನಾನು ಬಿದ್ದ ದಿನವೇ ಇನ್ನೂರಾರು ಕುರಿಗಳಿಗೆ ಪಟ್ಟಿ ಕಟ್ಟಿದೆ. ಒಂದೊಂದನ್ನೂ ಹಿಡಿದು, ತೊಡೆಯ ನಡುವೆ ಅದುಮಿ, ಉಣ್ಣೆ ಸರಿಸಿ, ಬಕಲು ಬಿಗಿದೆ. ನನ್ನ ಕುರಿಗಳು ನನ್ನನ್ನು ನಂಬಿ ಕತ್ತು ಕೊಟ್ಟವು. ಆ ಸಿಟ್ಟು ನನ್ನ ಮೇಲೆಯೇ ನನಗಿದೆ. ಅದು ಹೋಗುವುದಿಲ್ಲ.

ನನ್ನ ಕುರಿಗಳು ಎಂದು ಬಾಯಿತಪ್ಪಿ ಹೇಳುತ್ತೇನೆ. ಒಂದು ಬಾಲವೂ ನನ್ನದಲ್ಲ.

ನಮ್ಮ ಗುಡ್ಡದ ಹೆಸರು ಗ್ರೇಹೌ. ಅದಕ್ಕೆ ಬೇಲಿ ಎಂಬುದಿಲ್ಲ. ಐದು ಮನೆಯ ಕುರಿಗಳು ಅಲ್ಲಿ ಮೇಯುತ್ತವೆ, ಒಬ್ಬರ ಕುರಿ ಇನ್ನೊಬ್ಬರ ಜಾಗಕ್ಕೆ ಕಾಲಿಡುವುದಿಲ್ಲ. ತಾಯಿ ತನ್ನ ಮರಿಗೆ ಮೊದಲ ಬೇಸಿಗೆಯಲ್ಲಿ ತೋರಿಸಿಕೊಡುತ್ತದೆ, ಈ ಬಂಡೆಯಿಂದ ಆ ತೊರೆಯವರೆಗೆ ನಮ್ಮದು, ಹಿಮ ಬಿದ್ದರೆ ಈ ಗೋಡೆಯ ಮರೆ ನಮ್ಮದು ಎಂದು. ಮರಿ ಅದನ್ನು ಸಾಯುವ ತನಕ ಮರೆಯುವುದಿಲ್ಲ. ಇದನ್ನು ನಾವು ನೆಲೆ ಅನ್ನುತ್ತೇವೆ. ಗೇಣಿದಾರ ಬದಲಾಗಬಹುದು, ಒಡೆಯ ಬದಲಾಗಬಹುದು, ಮಂದೆ ಬದಲಾಗುವುದಿಲ್ಲ. ಬಿಟ್ಟು ಹೋಗುವವನು ಮಂದೆಯನ್ನು ಭೂಮಿಯ ಜೊತೆಗೇ ಒಪ್ಪಿಸಿ ಹೋಗಬೇಕು. ಹೊರಗಿನ ಕುರಿ ತಂದು ಬಿಟ್ಟರೆ ಅದು ಮೂರು ದಿನದಲ್ಲಿ ಪಕ್ಕದ ಕಣಿವೆಯಲ್ಲಿರುತ್ತದೆ. ಒಂದೇ ಒಂದು ಬೇಸಿಗೆ ಮರಿಗಳು ಮೇಲೆ ಹೋಗದಿದ್ದರೂ ಆ ವಿದ್ಯೆ ಅಲ್ಲಿಗೆ ಮುಗಿಯಿತು. ಮತ್ತೆ ಕಲಿಸಲು ಯಾರಿಗೂ ಬರುವುದಿಲ್ಲ, ನನಗೂ ಬರುವುದಿಲ್ಲ. ಅದು ಕುರಿಗೆ ಮಾತ್ರ ಗೊತ್ತು.

ನಮ್ಮ ಸ್ಕೇಲ್‌ಗಿಲ್ ಫಾರಮ್ಮಿಗೆ ಐಸಾಕ್ ಮೌಂಜಿ ಮೂರನೇ ತಲೆಯ ಗೇಣಿದಾರ. ನಾನು ಅವನ ಆಳು. ಅದಕ್ಕೆ ಮೊದಲು ಅವನಪ್ಪನ ಆಳು. ಒಟ್ಟು ನಲವತ್ತಮೂರು ವರ್ಷ. ಒಡೆಯ ಸತ್ತ. ಮಕ್ಕಳು ಪಿತ್ರಾರ್ಜಿತದ ಮೇಲಿನ ತೆರಿಗೆ ಕಟ್ಟಲಾರೆವೆಂದು ನಮ್ಮ ಪಾಲಿನ ಗುಡ್ಡ ಮಾರಿದರು. ಕೊಂಡದ್ದು ಒಂದು ಕಂಪನಿ. ಗಿಡ ನೆಡುವ ಕಂಪನಿ. ಗಿಡ ಎಷ್ಟು ಹೊಗೆ ಕುಡಿಯುತ್ತದೆಂದು ಲೆಕ್ಕ ಹಾಕಿ ಆ ಲೆಕ್ಕವನ್ನು ವಿಮಾನ ಹಾರಿಸುವವರಿಗೆ ಮಾರುತ್ತಾರಂತೆ. ವಿಮಾನ ಹಾರುತ್ತಲೇ ಇರುತ್ತದೆ. ಕುರಿ ಮಾತ್ರ ಕೆಳಗಿಳಿಯಬೇಕು. ಗಿಡದ ಮೇಲೆ ನನಗೆ ಹಗೆ ಇಲ್ಲ. ಗಿಡ ಹಿಡಿದುಕೊಂಡು ನನ್ನನ್ನು ಹೊಡೆದವರ ಮೇಲೆ ಇದೆ.

ರೈತರೆಲ್ಲ ಟ್ರ್ಯಾಕ್ಟರ್ ಹತ್ತಿ ಲಂಡನ್‌ಗೆ ಹೋಗಿ ಹಾರ್ನ್ ಹೊಡೆದು ಬಂದರು, ಪಿತ್ರಾರ್ಜಿತ ಉಳಿಸಿಕೊಡಿ ಎಂದು. ಐಸಾಕನೂ ಹೋಗಿದ್ದ. ಅವನಿಲ್ಲದ ಆ ಎರಡು ದಿನ ಮಳೆಯಲ್ಲಿ ಮೇವು ಹೊತ್ತವಳು ನಾನು. ನನ್ನಂಥವಳಿಗಾಗಿ ಹಾರ್ನ್ ಹೊಡೆದವನು ಒಬ್ಬನೂ ಇಲ್ಲ. ನನ್ನಪ್ಪ ನನಗೆ ಬಿಟ್ಟುಹೋದದ್ದು ಒಂದು ಕೋಲು ಮತ್ತು ಕೆಟ್ಟ ಸೊಂಟ. ಅದಕ್ಕೆ ಯಾವ ಸರಕಾರವೂ ತೆರಿಗೆ ಕೇಳಿಲ್ಲ.

ಹೋದ ಸೆಪ್ಟೆಂಬರಿನಲ್ಲಿ ಐಸಾಕ್ ಗೇಣಿ ಬಿಟ್ಟುಕೊಟ್ಟು ಕಂಪನಿಯಿಂದ ಪರಿಹಾರ ತೆಗೆದುಕೊಂಡು ಪೇಟೆಯ ಅಂಚಿನಲ್ಲಿ ಮನೆ ಮಾಡಿದ. ಹೊರಡುವ ದಿನ ನನ್ನ ಮುಖ ನೋಡಲಿಲ್ಲ. ತನ್ನ ಬೂಟು ನೋಡುತ್ತಾ ಹೇಳಿದ:

"ನಿನ್ ವಿಷ್ಯ ಮಾತಾಡಿದೀನಿ ಹೆಟ್ಟಿ. ನಿನ್ನ ಇಟ್ಕೋತಾರಂತೆ. ಕುರಿ ನೋಡ್ಕೊಳ್ಳೋಕೆ ಯಾರಾದ್ರೂ ಬೇಕಲ್ಲ."

"ಇಟ್ಕೋತಾರೆ ಅಂದ್ರೆ? ಕುರಿ ಜೊತೆ ನನ್ನನ್ನೂ ಒಪ್ಪಿಸ್ತಿದೀಯಾ?"

"ಹಂಗಲ್ಲ ಮಾರಾಯ್ತಿ."

ಹಾಗೆಯೇ ಇತ್ತು. ನಾನಿದ್ದ ಕಲ್ಲಿನ ಮನೆ ಕೆಲಸದ ಜೊತೆ ಬಂದದ್ದು. ಕೆಲಸ ಇರುವವರೆಗೆ ಮನೆ. ಆ ಮನೆಯಲ್ಲೇ ಹುಟ್ಟಿದೆ. ಅಮ್ಮ ಅಲ್ಲೇ ಸತ್ತಳು. ಕಾಗದದಲ್ಲಿ ನಾನು ಎಲ್ಲೂ ಇಲ್ಲ.

ಚಳಿಗಾಲವೆಲ್ಲ ಗಿಡ ನೆಟ್ಟೆ. ಕುರಿಗಳನ್ನು ಕೆಳಗಿನ ಹುಲ್ಲುಗಾವಲಿಗೆ ಇಳಿಸಿದ್ದರು, ನನಗೆ ಕೆಲಸ ಕಡಿಮೆಯಾಯಿತಂತೆ, ಆದ್ದರಿಂದ ಗಿಡ ನೆಡುವ ಗುಂಪಿನ ಜೊತೆ ಸೇರಿಸಿದರು. ಸೊಂಟಕ್ಕೆ ಚೀಲ. ಚೀಲದಲ್ಲಿ ಇನ್ನೂರು ಸಸಿ. ಸನಿಕೆ ಹೊಡಿ, ಸೀಳು ಬಿಡಿಸು, ಸಸಿ ಇಳಿಸು, ಹಿಮ್ಮಡಿಯಿಂದ ತುಳಿ. ಎರಡು ಹೆಜ್ಜೆ ಮುಂದೆ. ಮತ್ತೆ ಹೊಡಿ. ದಿನಕ್ಕೆ ಇನ್ನೂರು. ನೆಲ ಹೆಪ್ಪುಗಟ್ಟಿದ ದಿನ ಸನಿಕೆ ಕಲ್ಲಿಗೆ ತಾಗಿದ ಹಾಗೆ ಮೊಣಕೈವರೆಗೆ ಝುಮ್ಮನ್ನುತ್ತಿತ್ತು. ಸಂಜೆ ಮನೆಗೆ ಬಂದರೆ ಬೆರಳು ಮಡಚಲು ಬರುತ್ತಿರಲಿಲ್ಲ. ಚಹಾದ ಲೋಟವನ್ನು ಎರಡು ಅಂಗೈ ನಡುವೆ ಒತ್ತಿ ಹಿಡಿದು ಕುಡಿಯುತ್ತಿದ್ದೆ. ಬೆರಳ ಬಿರುಕಿಗೆ ಕೆಚ್ಚಲಿಗೆ ಹಚ್ಚುವ ಮುಲಾಮು ಹಚ್ಚಿ, ಹಳೆಯ ಕಾಲುಚೀಲ ಕೈಗೆ ಹಾಕಿಕೊಂಡು ಮಲಗುತ್ತಿದ್ದೆ.

ನನ್ನ ಕೈಯಿಂದಲೇ ಹನ್ನೊಂದು ಸಾವಿರ ಸಸಿ. ನೆಟ್ಟದ್ದು ಎಲ್ಲಿ? ನನ್ನ ಕುರಿಗಳ ನೆಲೆಯ ಮೇಲೆ.

ಕುರಿ ಬಾಯಿ ಹಾಕದಂತೆ ಸಸಿಗೆ ತೊಡಿಸುವ ಪ್ಲಾಸ್ಟಿಕ್ ಕೊಳವೆ ಹಾಕಲಿಲ್ಲ. ಪ್ಲಾಸ್ಟಿಕ್ ಇಲ್ಲದ ಕಾಡು ಎಂದು ಹೇಳಿಕೊಳ್ಳಬೇಕಿತ್ತು. ತಂತಿಬೇಲಿ ಹಾಕಲಿಲ್ಲ. ಕಾಡು ನೋಡಲು ಬರುವ ಅತಿಥಿಗಳ ಫೋಟೋದಲ್ಲಿ ತಂತಿ ಬರಬಾರದಂತೆ. ಕುರಿಗೂ ಸಸಿಗೂ ನಡುವೆ ಇದ್ದದ್ದು ಪಿಯರ್ಸನ ಫೋನಿನೊಳಗಿನ ಗೆರೆ, ಅಷ್ಟೇ.

ಬೇಲಿ ಎಂದರೆ ಕುರಿಗೆ ಗೊತ್ತಾಗುತ್ತದೆ. ಕಲ್ಲುಗೋಡೆ ಕಣ್ಣಿಗೆ ಕಾಣುತ್ತದೆ. ಇದು ಕಾಣುವುದಿಲ್ಲ. ಮೊದಲ ವಾರ ಅವು ತಮ್ಮ ಪಾಡಿಗೆ ಮನೆಗೆ ಹೊರಟ ಹಾಗೆ ಗುಡ್ಡ ಹತ್ತಿದವು, ಗೆರೆ ತಾಗಿದವು, ಜಿಗಿದು ಬಿದ್ದವು. ಮತ್ತೆ ಹತ್ತಿದವು, ಮತ್ತೆ ಬಿದ್ದವು. ಸೀಳುಕಿವಿ ಎಂದು ನಾನು ಕರೆಯುವ ಮುದಿ ಕುರಿಯೊಂದಿದೆ. ಹಳೆಯ ತಂತಿಗೆ ಸಿಕ್ಕಿ ಎಡಗಿವಿ ಸೀಳಿದೆ. ಎಂಟು ಬೇಸಿಗೆ ಅದು ಮಂದೆಯ ಮುಂದೆ ನಡೆದದ್ದು. ಅದು ಒಂದೇ ದಿನ ಹದಿನಾಲ್ಕು ಸಲ ಹೊಡೆಸಿಕೊಂಡಿತು. ಫೋನಿನಲ್ಲಿ ಲೆಕ್ಕ ಬರುತ್ತದೆ.

"ಈ ಮುದುಕಿಗೆ ಬುದ್ಧಿ ಸ್ವಲ್ಪ ಕಡಿಮೆ," ಎಂದು ಪಿಯರ್ಸ್ ನಕ್ಕ.

ಎರಡನೇ ವಾರಕ್ಕೆ ಕುರಿಗಳು ಕಲಿತವು. ಗೆರೆಯ ಕೆಳಗೆ ಉದ್ದಕ್ಕೂ ಸಾಲಾಗಿ ನಿಲ್ಲತೊಡಗಿದವು. ಎಲ್ಲವೂ ಮೇಲೆ ಮುಖಮಾಡಿ. ಎದುರಿಗೆ ಏನೂ ಇಲ್ಲ. ಖಾಲಿ ಹುಲ್ಲು. ಇಡೀ ದಿನ ಹಾಗೆ ನಿಲ್ಲುತ್ತಿದ್ದವು. ದಾರಿಹೋಕರು ಕಾರು ನಿಲ್ಲಿಸಿ ಫೋಟೋ ತೆಗೆದರು. ನಾನು ಆ ಕಡೆಯ ಕಿಟಕಿಯ ಪರದೆ ಎಳೆದುಬಿಟ್ಟೆ.

ಏಪ್ರಿಲ್‌ನಲ್ಲಿ ಕುರಿಗಳು ಮರಿ ಹಾಕಿದವು. ಮರಿಯ ಕೊರಳಿಗೆ ಪಟ್ಟಿ ದೊಡ್ಡದು, ಆದ್ದರಿಂದ ಅವಕ್ಕಿಲ್ಲ. ಕಪ್ಪು ಮರಿಗಳು ಕುಣಿಯುತ್ತಾ ಗೆರೆ ದಾಟಿ ಆಚೆ ಹೋಗುತ್ತಿದ್ದವು. ತಾಯಂದಿರು ಈಚೆ ನಿಂತು ಅರಚುತ್ತಿದ್ದವು. ಹಸಿವಾದಾಗ ಮರಿಗಳೇ ತಿರುಗಿ ಬರುತ್ತಿದ್ದವು. ತಾಯಿ ಹೆದರುವುದನ್ನು ನೋಡಿ ನೋಡಿ, ಮೇ ತಿಂಗಳ ಹೊತ್ತಿಗೆ ಮರಿಗಳೂ ಗೆರೆಯ ಹತ್ತಿರ ನಿಂತುಬಿಡುತ್ತಿದ್ದವು. ಯಾರೂ ಹೊಡೆಯದೆ, ಪಟ್ಟಿಯೇ ಇಲ್ಲದೆ.

ಅದನ್ನು ನೋಡಿದ ದಿನ ನನ್ನೊಳಗೆ ಏನೋ ಗಟ್ಟಿಯಾಯಿತು.

ಕಾಡಿನ ಉದ್ಘಾಟನೆ ಮೇ ಕೊನೆಯ ಶನಿವಾರ. ಅದಕ್ಕೆ ಒಂದು ವಾರ ಮುಂಚೆ ನಾನು ಮನೆಯಲ್ಲಿ ಊಟ ಮಾಡುತ್ತಿರುವಾಗ ಒಬ್ಬಳು ಬಾಗಿಲು ತಟ್ಟದೆ ಒಳಗೆ ಬಂದಳು. ಅಳತೆಯ ಟೇಪು ಹಿಡಿದಿದ್ದಳು. ಹಾಯ್ ಅಂದು ಗೋಡೆ ಅಳೆಯತೊಡಗಿದಳು. ಒಲೆಯ ಫೋಟೋ ತೆಗೆದಳು. ಫೋನಿನಲ್ಲಿ ಯಾರಿಗೋ ಹೇಳಿದಳು:

"ಪ್ರವಾಸಿಗರಿಗೆ ತುಂಬಾ ಇಷ್ಟ ಆಗುತ್ತೆ. ಮುದುಕಿ ಕೂತಿರೋ ಕುರ್ಚಿ ಇದೆಯಲ್ಲ, ಅದನ್ನ ಹಂಗೇ ಬಿಡೋಣ. ಒರಿಜಿನಲ್ ಅದು."

ನಾನು ಆ ಕುರ್ಚಿಯಲ್ಲಿ ಕೂತಿದ್ದೆ. ಬಾಯಿಯಲ್ಲಿ ಆಲೂಗಡ್ಡೆ ಇತ್ತು.

ಪಿಯರ್ಸನ ಹತ್ತಿರ ಹೋಗಿ ಕೇಳಿದೆ. ಅವನಿಗೆ ಸ್ವಲ್ಪ ಮುಜುಗರವಾಯಿತು, ಸ್ವಲ್ಪ ಮಾತ್ರ.

"ನಿಮಗೆ ಪತ್ರ ಬಂದಿಲ್ವಾ ಹೆಟ್ಟಿ? ಜೂನ್ ಕೊನೆಗೆ ಮನೆ ಖಾಲಿ ಮಾಡಬೇಕು. ಮಂದೆನೇ ಇಲ್ಲ ಅಂದ್ಮೇಲೆ ಆ ಕೆಲಸನೂ ಇರಲ್ವಲ್ಲ."

"ಮಂದೆ ಇಲ್ಲ ಅಂದ್ರೆ?"

"ಕುರಿ ತೇಗಿದ್ರೆ, ಹೂಸು ಬಿಟ್ರೆ, ಅದೂ ಹೊಗೆ ಲೆಕ್ಕಕ್ಕೆ ಸೇರುತ್ತೆ. ಕಾಡಿನ ಅಂಕ ಹಾಳಾಗುತ್ತೆ. ಶನಿವಾರ ಉದ್ಘಾಟನೆಗೆ ಫೋಟೋಕ್ಕೆ ಬೇಕು. ಸೋಮವಾರ ಲಾರಿ ಬರುತ್ತೆ."

ದೊಡ್ಡ ಕುರಿಗಳು ಕಸಾಯಿಖಾನೆಗೆ. ಮರಿಗಳು ದಕ್ಷಿಣದ ಬಯಲಿಗೆ, ಕೊಬ್ಬಿಸಲು. ಅವನು ಅದನ್ನು ಸೋಫಾ ಬದಲಾಯಿಸುವ ವಿಷಯದಂತೆ ಹೇಳಿದ.

"ನಾಲ್ಕು ನೂರು ವರ್ಷದ ಮಂದೆ ಅದು," ಅಂದೆ.

"ಗೊತ್ತು. ಅದಕ್ಕೇ ಅಲ್ವಾ ಅದರ ಮೇಲೊಂದು ಫಲಕ ಮಾಡಿಸ್ತಿರೋದು? ನಿಮ್ಮ ಫೋಟೋನೂ ಇರುತ್ತೆ." ಆಮೇಲೆ ನನ್ನ ಭುಜ ತಟ್ಟಿದ. "ಶನಿವಾರ ಸ್ವಲ್ಪ ನೀಟಾಗಿ ಬನ್ನಿ. ಉಣ್ಣೆ ಕೋಟು, ಕೋಲು, ನಾಯಿ. ಕುರಿಗಳಿಗೂ ಸ್ವಲ್ಪ ಬ್ರಷ್ ಗಿಷ್ ಮಾಡಿ. ನಾಲ್ಕು ಮಾತು ಹೇಳಿ, ಥ್ಯಾಂಕ್ಸ್ ಅಂತ."

ಬೇಡಲಿಲ್ಲ, ಅಳಲಿಲ್ಲ. ಆಯಿತು ಅಂದೆ. ನಲವತ್ತಮೂರು ವರ್ಷ ಆಯಿತು ಅಂದವಳು. ಆ ಪದ ನನ್ನ ಬಾಯಿಂದ ಬಂದರೆ ಯಾರೂ ಅನುಮಾನ ಪಡುವುದಿಲ್ಲ.

ಶುಕ್ರವಾರ ಅವನು ಪೇಟೆಗೆ ಹೋಗಿದ್ದ, ಹಬ್ಬದ ಊಟ, ಕುರ್ಚಿ, ಡೇರೆ ನೋಡಿಕೊಂಡು ಬರಲು. ನಾನು ಕುರಿಗಳನ್ನು ಕಣಜದ ಹಿಂದಿನ ದೊಡ್ಡಿಗೆ ಕೂಡಿದೆ. ಬ್ರಷ್ ಮಾಡಲು ಹೇಳಿದ್ದನಲ್ಲ. ಒಂದೊಂದನ್ನೂ ಹಿಡಿದು ತೊಡೆಗೆ ಅದುಮಿ ಬಕಲು ಬಿಚ್ಚಿದೆ. ಪಟ್ಟಿಯ ಕೆಳಗೆ ಉಣ್ಣೆ ಉದುರಿ ಚರ್ಮ ಹುಣ್ಣಾಗಿತ್ತು. ಸೀಳುಕಿವಿಯ ಕತ್ತಿಗೆ ಮುಲಾಮು ಹಚ್ಚುವಾಗ ಅದು ನನ್ನ ತೋಳಿನ ಮೇಲೆ ಗಲ್ಲ ಇಟ್ಟು ನಿಂತಿತು. ಕ್ಷಮಿಸು ಅಂದೆ. ಕುರಿಯ ಹತ್ತಿರ ಕ್ಷಮೆ ಕೇಳಿದವಳೆಂದು ನಗುವವರು ನಗಲಿ.

ಬಿಚ್ಚಿದ ಪಟ್ಟಿಗಳನ್ನು ಸುಮ್ಮನೆ ರಾಶಿ ಹಾಕಿದರೆ ಫೋನಿನಲ್ಲಿ ಒಂದೇ ಜಾಗದಲ್ಲಿ ಕಾಣುತ್ತವೆ. ಅಷ್ಟು ನನಗೂ ಗೊತ್ತು. ಗೋಣಿಯಲ್ಲಿ ತುಂಬಿ, ಕಣಜದ ಹಿಂದಿನ ಆ ಕೆಳಗಿನ ಹುಲ್ಲುಗಾವಲಿಗೆ ಹೊತ್ತು, ಒಂದೊಂದನ್ನು ಒಂದೊಂದು ಕಡೆ ಇಟ್ಟೆ. ಗೋಡೆಯ ಮರೆಯಲ್ಲಿ ಹತ್ತು, ನೀರಿನ ತೊಟ್ಟಿಯ ಹತ್ತಿರ ಇಪ್ಪತ್ತು. ಕುರಿ ಹೇಗೆ ಮೇಯುತ್ತದೆ, ಎಲ್ಲಿ ಮಲಗುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಇನ್ನೂರಾರು ಪಟ್ಟಿಗಳು ಹುಲ್ಲಿನಲ್ಲಿ ಹಾಯಾಗಿ ಮೇಯುತ್ತಿದ್ದವು. ಕೆಲಸ ಮುಗಿದಾಗ ಸೊಂಟ ನೆಟ್ಟಗಾಗಲಿಲ್ಲ. ಆದರೂ ಆ ಸಂಜೆ ಹೊಟ್ಟೆತುಂಬ ಉಂಡೆ.

ಶನಿವಾರ ಮೂರು ಗಂಟೆಗೆ ಡೇರೆ ತುಂಬಿತ್ತು. ಎಂಬತ್ತು ಜನ. ಹೊಸ ರಬ್ಬರ್ ಬೂಟು, ಬಿಳಿ ಪ್ಯಾಂಟು. ಗುಡ್ಡಕ್ಕೆ ಮುಖಮಾಡಿ ಕುರ್ಚಿ ಹಾಕಿದ್ದರು. ಕಂಪನಿಯ ಅಧ್ಯಕ್ಷೆ ಮಿಸೆಸ್ ಕ್ಯಾವನ್‌ಹ್ಯಾಮ್ ಮುಂದಿನ ಸಾಲಿನಲ್ಲಿ ಕೂತಿದ್ದಳು. ಹಳ್ಳಿಯವರಿಗೆ ಆಹ್ವಾನ ಇರಲಿಲ್ಲ. ರಸ್ತೆಯ ಕಲ್ಲುಗೋಡೆಗೆ ಒರಗಿ ಹತ್ತಾರು ಜನ ನಿಂತಿದ್ದರು. ಅವರಲ್ಲಿ ಪಕ್ಕದ ಫಾರಮ್ಮಿನ ಜಾಸ್ ಥ್ರೆಲ್ಕೆಲ್ಡ್ ಇದ್ದ, ಎಪ್ಪತ್ತರ ಮುದುಕ. ಈ ಕಣಿವೆಯಲ್ಲಿ ಅವನಷ್ಟು ಒಳ್ಳೆಯ ನಾಯಿಗಳು ಯಾರ ಹತ್ತಿರವೂ ಇಲ್ಲ. ನನ್ನ ಉಣ್ಣೆ ಕೋಟು ನೋಡಿ ಅವನು ಕೂಗಿದ:

"ಏನು ಹುಡುಗಿ, ಮದುವೆಗೆ ಹೊರಟಿದೀಯಾ?"

"ಹೂಂ. ನೀನು ಊಟಕ್ಕಿರು."

ನಾನು ಕಣಜದ ಹಿಂದೆ ಹೋಗಿ ದೊಡ್ಡಿಯ ಗೇಟು ತೆಗೆದೆ. ಗುಡ್ಡದ ಓಣಿಯ ಗೇಟನ್ನೂ ತೆಗೆದೆ. ನನ್ನ ನಾಯಿ ನಿಪ್‌ಗೆ ಸನ್ನೆ ಕೂಡ ಮಾಡಲಿಲ್ಲ. ಸೀಳುಕಿವಿ ಮುಂದೆ, ಉಳಿದವು ಹಿಂದೆ, ಮರಿಗಳು ಪಕ್ಕದಲ್ಲಿ. ಓಣಿಯುದ್ದಕ್ಕೂ ಗೊರಸಿನ ಸದ್ದು. ನಾನೂ ಹಿಂದೆಯೇ ಹತ್ತಿದೆ.

ಡೇರೆಯಲ್ಲಿ ಪಿಯರ್ಸ್ ಗುಡ್ಡಕ್ಕೆ ಬೆನ್ನು ಹಾಕಿ ಭಾಷಣ ಮಾಡುತ್ತಿದ್ದ. ಪಕ್ಕದಲ್ಲಿ ದೊಡ್ಡ ಪರದೆ. ಪರದೆಯ ಮೇಲೆ ನಕ್ಷೆ, ನಕ್ಷೆಯ ಮೇಲೆ ಹಸಿರು ಚುಕ್ಕೆ. ಮೈಕಿನ ಮಾತು ಗುಡ್ಡದ ಮೇಲೂ ಕೇಳುತ್ತಿತ್ತು.

"ಇನ್ನೂರಾರು ಕುರಿಗಳು. ಒಂದೊಂದೂ ಈ ಕ್ಷಣ ಎಲ್ಲಿದೆ ಅಂತ ನನಗೆ ಗೊತ್ತು. ನೋಡಿ, ಎಲ್ಲಾ ಕೆಳಗಿನ ಹುಲ್ಲುಗಾವಲಲ್ಲಿ ಆರಾಮಾಗಿ ಮೇಯ್ತಿವೆ."

ಮೈಕಿನ ಹತ್ತಿರವೇ ಕೂತಿದ್ದ ಒಬ್ಬ ಅತಿಥಿ ಕೈ ಎತ್ತಿದ. "ಹಾಗಾದ್ರೆ ಆ ಮೇಲೆ ಹೋಗ್ತಿರೋವು?"

ಪಿಯರ್ಸ್ ತಿರುಗಿ ನೋಡಿದ. ಪರದೆ ನೋಡಿದ. ಪರದೆಯನ್ನು ನಂಬಿದ.

"ಪಕ್ಕದವರದ್ದಿರಬೇಕು. ಈ ಊರಿನವರಿಗೆ ಇನ್ನೂ ಶಿಸ್ತು ಬಂದಿಲ್ಲ."

ಗೋಡೆಯ ಹತ್ತಿರ ಜಾಸ್ ಗೊಳ್ಳೆಂದು ನಕ್ಕದ್ದು ನನಗೆ ಕೇಳಿಸಿತು.

ಆದರೆ ಮೇಲೆ ನನ್ನ ಎದೆ ಒಡೆಯಿತು. ಗೆರೆಯ ಹತ್ತಿರ ಬಂದು ಕುರಿಗಳು ನಿಂತುಬಿಟ್ಟವು. ಕೊರಳಲ್ಲಿ ಏನೂ ಇಲ್ಲ. ನೆಲದಲ್ಲಿ ಏನೂ ಇಲ್ಲ. ಆದರೂ ನಿಂತವು, ಎಂದಿನಂತೆ, ಸಾಲಾಗಿ. ಎದುರಿಗೆ ಮೊಣಕಾಲೆತ್ತರದ ಸಸಿಗಳು ಹೊಸ ಎಲೆ ಬಿಟ್ಟಿದ್ದವು. ಅದರಾಚೆ ಅವುಗಳ ಬಂಡೆ, ಅವುಗಳ ತೊರೆ. ಸೀಳುಕಿವಿ ಒಂದು ಕಾಲು ಎತ್ತಿತು. ನಡುಗುತ್ತಾ ಹಿಂದಕ್ಕಿಟ್ಟಿತು.

ಪಟ್ಟಿ ಬಿಚ್ಚಿದರೆ ಸಾಕು ಎಂದುಕೊಂಡಿದ್ದೆ. ಪೆದ್ದಿ ನಾನು. ಏಳು ತಿಂಗಳ ಹೊಡೆತ ಬಕಲಿನ ಜೊತೆ ಬಿಚ್ಚಿಕೊಂಡು ಬರುತ್ತದೆಯೇ? ಕುರಿಗಳನ್ನು ಬಿಡಿ, ನಾನೇ ಆ ಗೆರೆಯ ಹತ್ತಿರ ಬಂದಾಗ ಕತ್ತು ಮುದುಡಿಕೊಂಡಿದ್ದೆ. ಆವತ್ತು ಮಂಡಿಯೂರಿ ಬಿದ್ದ ಜಾಗ ಅಲ್ಲೇ ಇತ್ತು. ಒಂದು ಕ್ಷಣ ನನ್ನ ಕಾಲೂ ಏಳಲಿಲ್ಲ. ಆಗ ನನಗೆ ಬಂದ ಸಿಟ್ಟು ಎಂಥದ್ದೆಂದರೆ, ಕಣ್ಣು ಕತ್ತಲೆ ಬಂತು. ನನ್ನ ಕಾಲನ್ನೂ ಇವರು ಕಿತ್ತುಕೊಂಡಿದ್ದರು.

ಕುರಿಗಳ ನಡುವೆ ನುಗ್ಗಿ ಗೆರೆ ದಾಟಿದೆ. ಹತ್ತು ಹೆಜ್ಜೆ ಮೇಲೆ ಹೋದೆ. ನನ್ನ ಕೈಯಾರೆ ನೆಟ್ಟ ಸಸಿಗಳ ನಡುವೆ ನಿಂತು ತಿರುಗಿದೆ. ಹಿಮದಲ್ಲಿ ಮೇವು ಹೊತ್ತು ಹೋದಾಗ ಕರೆಯುವ ಕರೆ ಒಂದಿದೆ. ನನ್ನಪ್ಪ ಕರೆಯುತ್ತಿದ್ದದ್ದು. ಏಳು ತಿಂಗಳಿಂದ ಕರೆದಿರಲಿಲ್ಲ. ಹೊಟ್ಟೆಯಿಂದ ಎಳೆದು ಕರೆದೆ.

"ಹೋ... ಹೋಪ್! ಹೋ... ಹೋಪ್! ಬರ್ರೇ!"

ಮೈಕಿನ ಮಾತು ನಿಂತಿತು. ಸೀಳುಕಿವಿ ನನ್ನ ಮುಖ ನೋಡಿತು. ಮತ್ತೊಮ್ಮೆ ಕರೆದೆ. ಅದು ತಲೆ ತಗ್ಗಿಸಿ, ಹೊಡೆತಕ್ಕೆ ಕಾಯುವಂತೆ ಕಣ್ಣು ಮುಚ್ಚಿ, ಒಂದು ಹೆಜ್ಜೆ ಇಟ್ಟಿತು. ಏನೂ ಆಗಲಿಲ್ಲ. ಇನ್ನೊಂದು. ಆಮೇಲೆ ಓಡಿತು. ಅದರ ಹಿಂದೆ ಇಡೀ ಮಂದೆ ನನ್ನ ಎರಡೂ ಪಕ್ಕದಿಂದ ನುಗ್ಗಿ ಹೋಯಿತು. ನನ್ನ ಕೋಟಿನ ಗುಂಡಿ ಹರಿಯಿತು. ಮರಿಗಳು ಜಿಗಿಯುತ್ತಾ ಹೋದವು. ನಾನು ನಗುತ್ತಿದ್ದೆ, ಅಳುತ್ತಿದ್ದೆ, ಎರಡೂ.

ಹಸಿದ ಕುರಿಗೆ ಮೇ ತಿಂಗಳ ಹೊಸ ಎಲೆ ಎಂದರೆ ಗೊತ್ತಲ್ಲ. ಬಾಯಿತುಂಬ ಕಿತ್ತವು. ಬುಡಸಮೇತ ಎಳೆದವು. ಕಂಪನಿ ಹೆಸರಿಟ್ಟಿದ್ದ, ಅತಿಥಿಗಳು ಒಬ್ಬೊಬ್ಬರೂ ದತ್ತು ತೆಗೆದುಕೊಂಡಿದ್ದ ಸಸಿಗಳು. ಒಂದೊಂದು ಕಡ್ಡಿ ಪಟ್ಟೆಂದು ಮುರಿದಾಗಲೂ ನನಗೆ ಸುಖವಾಯಿತು. ಮುಚ್ಚಿಡುವುದಿಲ್ಲ. ನನ್ನ ಒಡೆದ ಬೆರಳುಗಳಿಗೆ ಸುಖವಾಯಿತು.

ಪಿಯರ್ಸ್ ಓಡಿ ಬಂದ. ಆ ಒಳ್ಳೆಯ ಬೂಟಿನಲ್ಲಿ ಎರಡು ಸಲ ಜಾರಿ ಬಿದ್ದ. ಬಿಳಿ ಪ್ಯಾಂಟಿನ ಮೊಣಕಾಲು ಕಪ್ಪಾಗಿತ್ತು.

"ಹೆಟ್ಟಿ! ಪಟ್ಟಿ ಎಲ್ಲಿ? ಕರೀರಿ ಅವನ್ನ! ವಾಪಸ್ ಕರೀರಿ!"

"ಎಲ್ಲಾ ಕೆಳಗಿನ ಹುಲ್ಲುಗಾವಲಲ್ಲಿ ಆರಾಮಾಗಿ ಮೇಯ್ತಿವೆ," ಅಂದೆ. "ನಿನ್ ಫೋನ್ ನೋಡು."

"ಅಲ್ರೀ, ಇದನ್ನ ನೆಟ್ಟವರು ನೀವೇ! ನಿಮ್ಮ ಕೈಯಾರೆ!"

"ನೆಟ್ಟೋಳಿಗೇ ಗೊತ್ತು, ಎಲ್ಲೆಲ್ಲಿ ಮೆತ್ತಗಿದೆ ಅಂತ."

ಅವನು ಡ್ರೋನ್ ತರಿಸಿದ. ನಾಯಿಯಂತೆ ಬೊಗಳುವ ಡ್ರೋನ್. ಮೂರು ನಾಯಿಗಳ ಕೆಲಸ ಮಾಡುತ್ತದೆಂದು ಜಂಬ ಕೊಚ್ಚಿಕೊಂಡಿದ್ದ. ಅದು ಮೇಲೆ ಹಾರಿ ಬೌ ಬೌ ಎಂದು ಅರಚಿತು. ಬೆದರಿದ ಕುರಿ ಎಲ್ಲಿಗೆ ಓಡುತ್ತದೆ? ತನ್ನ ನೆಲೆಗೆ ಓಡುತ್ತದೆ. ಗುಂಪು ಇನ್ನೂ ಮೇಲಕ್ಕೆ, ಸಸಿಗಳನ್ನು ತುಳಿದುಕೊಂಡು, ನಲವತ್ತು ಸಾವಿರ ಸಸಿಗಳ ನಟ್ಟನಡುವೆ ಹರಡಿಕೊಂಡಿತು. ಅರ್ಧದಷ್ಟು ಬಂಡೆಗಳ ಸಂದಿಗೇ ಸೇರಿಕೊಂಡವು. ಅತಿಥಿಗಳು ಕುರ್ಚಿ ಬಿಟ್ಟೆದ್ದು ವಿಡಿಯೋ ಮಾಡುತ್ತಿದ್ದರು. ಮಾಡಲಿ. ನನ್ನದನ್ನು ಮಾಡಿದ್ದವರು ಇದನ್ನೂ ಮಾಡಲಿ.

ಪಿಯರ್ಸ್ ರಸ್ತೆಯ ಗೋಡೆಯವರೆಗೆ ಇಳಿದು ಹೋಗಿ ಜಾಸ್‌ನ ಮುಂದೆ ಏದುಸಿರು ಬಿಡುತ್ತಾ ನಿಂತ. ಅಲ್ಲಿ ಆಡಿದ ಮಾತು ಆಮೇಲೆ ಜಾಸ್ ನನಗೆ ಹೇಳಿದ್ದು. ನಮ್ಮಲ್ಲಿ ಗುಡ್ಡ ಬಳಿಯುವ ದಿನ, ಅಂದರೆ ಮೇಲಿನ ಕುರಿಗಳನ್ನೆಲ್ಲ ಕೂಡಿ ಕೆಳಗಿಳಿಸುವ ದಿನ, ಅಕ್ಕಪಕ್ಕದವರೆಲ್ಲ ನಾಯಿ ತಂದು ಜೊತೆಗೆ ನಡೆಯುತ್ತಾರೆ. ಕರೆದರೆ ಇಲ್ಲ ಅನ್ನುವಂತಿಲ್ಲ. ಅದು ಅವನಿಗೂ ಯಾರೋ ಹೇಳಿದ್ದರು.

"ಮಿಸ್ಟರ್ ಥ್ರೆಲ್ಕೆಲ್ಡ್, ನಿಮ್ಮ ನಾಯಿಗಳನ್ನ ತನ್ನಿ, ದಯವಿಟ್ಟು. ಎಷ್ಟು ಬೇಕಾದರೂ ಕೊಡ್ತೀವಿ."

ಜಾಸ್ ತನ್ನ ನಾಯಿಗಳನ್ನು ನೋಡಿದ. ಎರಡೂ ಬಾಲ ಅಲ್ಲಾಡಿಸುತ್ತಾ ತುದಿಗಾಲಲ್ಲಿ ನಿಂತಿದ್ದವು.

"ಪಾಪ, ಎರಡಕ್ಕೂ ಕಾಲುನೋವು," ಅಂದ. "ಬಿಲ್ಲೀ, ನಿಂದು?"

"ನಮ್ದಕ್ಕೆ ಭೇದಿ," ಅಂದ ಪಕ್ಕದವನು.

ಯಾರೂ ಕೈಯನ್ನು ಜೇಬಿನಿಂದ ತೆಗೆಯಲಿಲ್ಲ. ಈ ಮನುಷ್ಯರೇ ಏಳು ತಿಂಗಳು ನನ್ನ ಕಡೆ ನೋಡದೆ ಓಡಾಡಿದವರು. ಅದನ್ನೂ ನಾನು ಮರೆತಿಲ್ಲ. ಆದರೆ ಆವತ್ತು ಅವರು ಕೈ ತೆಗೆಯಲಿಲ್ಲ.

ಕೊನೆಗೆ ಅಧ್ಯಕ್ಷೆಯೇ ಗುಡ್ಡ ಹತ್ತಿ ಬಂದಳು. ಮಿಸೆಸ್ ಕ್ಯಾವನ್‌ಹ್ಯಾಮ್ ಪಿಯರ್ಸ್‌ನಂತಲ್ಲ. ಕೂಗಾಡಲಿಲ್ಲ. ನಾನು ಕೂತಿದ್ದ ಕಲ್ಲಿನ ಪಕ್ಕ ತಾನೂ ಕೂತಳು.

"ನಿಮಗೆ ಅನ್ಯಾಯ ಆಗಿದೆ. ಒಪ್ತೀನಿ. ಏನು ಬೇಕು ಹೇಳಿ. ಮನೆ ತಾನೆ? ನೀವು ಬದುಕಿರೋವರೆಗೂ ಆ ಮನೆ ನಿಮ್ಮದು. ಇಷ್ಟು ಜನರ ಮುಂದೆ ಹೇಳ್ತಿದೀನಿ, ಬರೆದೂ ಕೊಡ್ತೀನಿ. ಕುರಿಗಳನ್ನ ಕೆಳಗೆ ಕರೀರಿ. ನೀವು ಕರೆದ್ರೆ ಬರ್ತವಂತಲ್ಲ."

ಬರುತ್ತಿದ್ದವು. ಒಂದು ಕರೆ ಸಾಕಿತ್ತು. ನನ್ನ ಕಣ್ಣ ಮುಂದೆ ಒಲೆ ಬಂತು, ಕುರ್ಚಿ ಬಂತು, ಅಮ್ಮ ಸತ್ತ ಮಂಚ ಬಂತು. ಅರವತ್ತೊಂದರಲ್ಲಿ ಬೀದಿಗೆ ಬೀಳುವುದೆಂದರೆ ಏನೆಂದು ಬಿದ್ದವರಿಗೆ ಗೊತ್ತು. ಆಸೆಯಾಯಿತು. ಸುಳ್ಳು ಯಾಕೆ ಹೇಳಲಿ, ಬಹಳ ಆಸೆಯಾಯಿತು.

"ಮತ್ತೆ ಸೋಮವಾರದ ಲಾರಿ?" ಎಂದು ಕೇಳಿದೆ.

ಅವಳು ಪಿಯರ್ಸ್‌ನ ಮುಖ ನೋಡಿದಳು. ಅವನು ತಲೆ ಅಲ್ಲಾಡಿಸಿದ.

"ಅದು... ಅದು ಬೇರೆ ವಿಷಯ. ನಾವು ನಿಮ್ಮ ಮನೆ ಬಗ್ಗೆ ಮಾತಾಡ್ತಿದೀವಿ."

ಮೇಲೆ ಬಂಡೆಯ ಮರೆಯಲ್ಲಿ ಸೀಳುಕಿವಿ ತನ್ನ ಮರಿಗೆ ಹಾಲು ಕೊಡುತ್ತಿತ್ತು. ಮರಿ ಬಾಲ ಅಲ್ಲಾಡಿಸುತ್ತಿತ್ತು. ಅದಕ್ಕೆ ಆ ಬಂಡೆಯ ಪರಿಚಯವಾಗಿತ್ತು. ಇನ್ನು ಅದನ್ನು ಯಾರೂ ಮರೆಸಲಾರರು.

"ನಾನು ಕರೆಯಲ್ಲ," ಅಂದೆ. "ಇವತ್ತೂ ಇಲ್ಲ, ಸೋಮವಾರನೂ ಇಲ್ಲ. ನೀವೇ ಹತ್ತಿ ಹಿಡ್ಕೊಳ್ಳಿ. ಒಂದೊಂದಾಗಿ."

"ನಿಮಗೆ ಹುಚ್ಚು," ಎಂದು ಪಿಯರ್ಸ್ ಕೂಗಿದ. "ಜೈಲಿಗೆ ಹೋಗ್ತೀರಿ!"

"ಅಲ್ಲಿ ಬಾಡಿಗೆ ಕೇಳಲ್ವಂತೆ."

ಸೋಮವಾರ ಲಾರಿ ಬಂತು. ಚಾಲಕ ದೊಡ್ಡಿಯಲ್ಲಿ ಎರಡು ಗಂಟೆ ಕಾದು ಖಾಲಿ ಲಾರಿ ತಿರುಗಿಸಿಕೊಂಡು ಹೋದ. ಕಂಪನಿ ಹೊರಗಿನಿಂದ ಆರು ಜನರನ್ನು ಕರೆಸಿತು. ಅವರಿಗೆ ಗುಡ್ಡ ಗೊತ್ತಿಲ್ಲ. ನಾಲ್ಕು ದಿನ ಹತ್ತಿ ಇಳಿದು ಒಂಬತ್ತು ಕುರಿ ಹಿಡಿದರು. ಆ ಒಂಬತ್ತರ ಲೆಕ್ಕ ನನ್ನ ತಲೆಯ ಮೇಲಿದೆ. ಉಳಿದವು ಈಗಲೂ ಮೇಲಿವೆ, ಮರಿಗಳ ಸಮೇತ. ಕಾಡಿಗೆ ಈ ವರ್ಷ ಅಂಕ ಕೊಡಲು ಬಂದ ಅಧಿಕಾರಿ ಕಡ್ಡಿಗಳನ್ನು ನೋಡಿ ಕಾಗದ ಮಡಚಿಕೊಂಡು ಹೋದನಂತೆ.

ನನ್ನ ಸಾಮಾನು ಆ ವಾರವೇ ಹೊರಗೆ ಬಿತ್ತು. ಹೇಳಿಕೆ ಬರೆದುಕೊಳ್ಳಲು ಕಾನ್ಸ್‌ಟೇಬಲ್ ಟೆಲ್ಫರ್ ಬಂದ. ಈ ಕಣಿವೆಯವನೇ, ಐವತ್ತರ ಹತ್ತಿರದವನು. ಅಂಗಳದಲ್ಲಿ ಮಳೆಗೆ ನೆನೆಯುತ್ತಿದ್ದ ನನ್ನ ಮಂಚದ ತುದಿಯಲ್ಲಿ ಕೂತು, ಟೋಪಿ ತೆಗೆದಿಟ್ಟು, ಮೆಲ್ಲಗೆ ಹೇಳಿದ:

"ನೋಡಕ್ಕ, ಕುರಿಗೆ ಬುದ್ಧಿ ಇಲ್ಲ. ಗೇಟು ಸರಿಯಾಗಿ ಬಿದ್ದಿರಲಿಲ್ಲ, ನಿನಗೆ ವಯಸ್ಸಾಗಿದೆ, ಮರೆತೆ. ಅವು ತಾವಾಗೇ ನುಗ್ಗಿದ್ವು. ಅಷ್ಟು ಬರೆದ್ರೆ ಕೇಸು ನಿಲ್ಲಲ್ಲ. ನಾನು ಹಂಗೇ ಬರೀತೀನಿ, ನೀನು ಸುಮ್ನೆ ಸಹಿ ಹಾಕು."

ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಬರೆದು ನನ್ನ ಕೈಗೆ ಕೊಟ್ಟ. ಕನ್ನಡಕ ಹುಡುಕಿ ಹಾಕಿಕೊಂಡು ನಿಧಾನವಾಗಿ ಓದಿದೆ. 'ಮರೆವಿನಿಂದ' ಎಂದು ಬರೆದಿದ್ದ.

ಅದನ್ನು ಹೊಡೆದು ಹಾಕಿಸಿದೆ. ಪಟ್ಟಿ ಬಿಚ್ಚಿದ್ದು ಬರೆಸಿದೆ. ಎರಡು ಗೇಟು ತೆಗೆದದ್ದು ಬರೆಸಿದೆ. ಮೇಲೆ ನಿಂತು ಕರೆದದ್ದು, ಕೆಳಗೆ ಕರೆಯಲು ಒಪ್ಪದೇ ಇದ್ದದ್ದು, ಎಲ್ಲ ಬರೆಸಿದೆ. ಕೊನೆಗೆ 'ಬೇಕೆಂದೇ' ಎಂದು ಸೇರಿಸು ಅಂದೆ. ಅವನು ಸೇರಿಸಿದ ಮೇಲೆ ಸಹಿ ಹಾಕಿದೆ.